ನಾರ್ತ್ ಡಕೋಟಾದ ಚಳಿಗಾಲ: ಆ ನೀಲಿ-ಕೆಂಪು ನಕ್ಷೆಯನ್ನು ಓದುವುದು ಹೇಗೆ

ಅಕ್ಟೋಬರ್ ಅರ್ಧ ಕಳೆಯುತ್ತಿದ್ದ ಹಾಗೆ ಅಮೆರಿಕದ ಉತ್ತರದ ರಾಜ್ಯ ನಾರ್ತ್ ಡಕೋಟಾದ ಫಾರ್ಗೋ, ಗ್ರ್ಯಾಂಡ್ ಫೋರ್ಕ್ಸ್, ಬಿಸ್ಮಾರ್ಕ್ ಕಡೆ ಇರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ನಕ್ಷೆ ಓಡಾಡಲು ಶುರುವಾಗುತ್ತದೆ. ಅಮೆರಿಕದ ನಕ್ಷೆ, ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ಜೊತೆಗೆ ಒಂದೇ ಸಾಲು: "ಈ ಸಲ ಭಯಂಕರ ಚಳಿಯಂತೆ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಎಲ್ಲರೂ ಅದನ್ನು ಮುಂದಕ್ಕೆ ಕಳಿಸುತ್ತಾರೆ. ನಕ್ಷೆಯಲ್ಲಿ ತಪ್ಪೇನೂ ಇರುವುದಿಲ್ಲ, ಓದುವುದರಲ್ಲೇ ಎಡವಟ್ಟು. ಹೊಸದಾಗಿ ಈ ಕಡೆ ಓದಲಿಕ್ಕೋ ಕೆಲಸಕ್ಕೋ ಬಂದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಕ್ಷೆ ಮಾಡುವುದು ನೋವಾ, ಅಂದರೆ ಅಮೆರಿಕ ಸರ್ಕಾರದ ಸಾಗರ-ಹವಾಮಾನ ಸಂಸ್ಥೆಯ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್. ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ತಿಂಗಳನ್ನು ಒಟ್ಟಿಗೆ ಹಿಡಿದು ಹೇಳುವ ಮಾತು ಅದು. ಪ್ರತಿ ತಿಂಗಳು ಮೂರನೇ ಗುರುವಾರ ಹೊಸದು ಬರುತ್ತದೆ. ಹಾಗಾಗಿ ನಿಮಗೆ ಯಾರೋ ಕಳಿಸಿದ ನಕ್ಷೆಯ ಮೂಲೆಯಲ್ಲಿ ತಾರೀಖು ಯಾವುದಿದೆ ಅಂತ ಮೊದಲು ನೋಡಿ. ಹೋದ ವರ್ಷದ್ದೂ ಸುತ್ತುತ್ತಿರುತ್ತದೆ.

ಆಮೇಲೆ ಬಣ್ಣ ಬಿಟ್ಟು ಶೇಕಡಾ ನೋಡಿ. 1991ರಿಂದ 2020ರವರೆಗಿನ ಮೂವತ್ತು ವರ್ಷದ ಚಳಿಗಾಲಗಳನ್ನು ಮೂರು ಗುಡ್ಡೆ ಮಾಡಿದ್ದಾರೆ ಅಂದುಕೊಳ್ಳಿ: ಚಳಿ ಜಾಸ್ತಿ ಇದ್ದವು, ಮಧ್ಯದವು, ಬೆಚ್ಚಗಿದ್ದವು. ಏನೂ ಗೊತ್ತಿಲ್ಲದಿದ್ದರೆ ಈ ಸಲದ್ದು ಯಾವ ಗುಡ್ಡೆಗಾದರೂ ಬೀಳಬಹುದು, ತಲಾ ಶೇ. 33. ನಿಮ್ಮ ಊರಿನ ಮೇಲೆ ತೆಳು ನೀಲಿ ಬಣ್ಣ, ಶೇ. 40 ಅಂತ ಇದ್ದರೆ ಚಳಿ ಗುಡ್ಡೆಗೆ ಬೀಳುವ ಸಾಧ್ಯತೆ 40, ಮಧ್ಯದ್ದಕ್ಕೆ 33, ಬೆಚ್ಚಗಿನದಕ್ಕೆ 27 ಅಂತ ಅರ್ಥ. ಅಂದರೆ ಚಳಿ ಜಾಸ್ತಿ ಆಗದೇ ಇರುವ ಸಾಧ್ಯತೆ ಇನ್ನೂ 60! ತಕ್ಕಡಿ ಒಂದು ಕಡೆ ಚೂರು ವಾಲಿದೆ, ಅಷ್ಟೇ. ಬಿಳಿ ಬಣ್ಣದ ಜಾಗಕ್ಕೆ "ಈಕ್ವಲ್ ಚಾನ್ಸಸ್" ಅಂತ ಹಾಕಿರುತ್ತಾರೆ. ಅದನ್ನು "ಸಾಧಾರಣ ಚಳಿಗಾಲ" ಅಂತ ಓದಬೇಡಿ. ಯಾವ ಕಡೆಗೂ ವಾಲಿಲ್ಲ, ಏನು ಬೇಕಾದರೂ ಆಗಬಹುದು ಅಂತ ಅದರ ಅರ್ಥ.

ಬೆಚ್ಚಗೆ ಅನ್ನುವ ಪದಕ್ಕೂ ಮೋಸ ಹೋಗಬೇಡಿ. ಫಾರ್ಗೋದಲ್ಲಿ ಜನವರಿ ರಾತ್ರಿಯ ಸರಾಸರಿಯೇ ಸೊನ್ನೆ ಫ್ಯಾರನ್‌ಹೀಟ್ ಆಸುಪಾಸು, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 18. ಅದಕ್ಕಿಂತ ನಾಲ್ಕು ಡಿಗ್ರಿ ಬೆಚ್ಚಗಾದರೂ ನೀರು ಕಲ್ಲಾಗುವ ಚಳಿಯೇ.

ಇನ್ನೊಂದು ನಕ್ಷೆ ಇರುತ್ತದೆ, ಹಸಿರು ಮತ್ತು ಕಂದು ಬಣ್ಣದ್ದು. ನಾನು ಮೊದಲ ವರ್ಷ ಹಸಿರು ನೋಡಿ ಮನೆಗೆ ಎರಡು ಸಲಿಕೆ ತಂದಿಟ್ಟಿದ್ದೆ, ಹಿಮ ಜಾಸ್ತಿ ಬೀಳುತ್ತದೆ ಅಂತ. ಆ ನಕ್ಷೆ ಹೇಳುವುದು ಬಿದ್ದದ್ದನ್ನೆಲ್ಲ ಕರಗಿಸಿ ಅಳೆದರೆ ಎಷ್ಟು ನೀರು ಅಂತ. ಹಿಮ ಎಷ್ಟು ಇಂಚು ಅಂತ ಅದು ಹೇಳುವುದೇ ಇಲ್ಲ. ಈ ಬಯಲಿನಲ್ಲಿ ಚಳಿಗಾಲವೇ ವರ್ಷದ ಅತಿ ಒಣ ಕಾಲ, ತಣ್ಣನೆ ಗಾಳಿಯಲ್ಲಿ ತೇವ ಕಡಿಮೆ. ಆದರೆ ಅದೇ ಚಳಿಯಲ್ಲಿ ಹಿಮ ಹತ್ತಿಯ ಹಾಗೆ ಹಗುರಾಗಿ ಬೀಳುತ್ತದೆ. ಸಾಮಾನ್ಯವಾಗಿ ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ ಅಂತ ಲೆಕ್ಕ, ಕೊರೆಯುವ ಚಳಿಯಲ್ಲಿ ಅದೇ ನೀರು ಹದಿನೈದು, ಇಪ್ಪತ್ತು ಇಂಚು ಆಗುತ್ತದೆ. ಕೆಲವು ಸಲ ಹಿಮವೇ ಅಲ್ಲ, ಮಳೆ. 2023ರ ಕ್ರಿಸ್‌ಮಸ್ ಹೊತ್ತಿಗೆ ರಾಜ್ಯದ ಪೂರ್ವ ಭಾಗದಲ್ಲಿ ಹಾಗೇ ಮಳೆ ಬಿದ್ದು ರಸ್ತೆ, ಕರೆಂಟ್ ತಂತಿ ಎಲ್ಲದರ ಮೇಲೂ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಸಲಿಕೆಯಿಂದ ಏನು ಮಾಡುತ್ತೀರಿ ಹೇಳಿ.

ಇನ್ನು ಎಲ್ ನಿನೊ, ಲಾ ನಿನಾ. ಇಡೀ ಮುನ್ನೋಟ ನಿಂತಿರುವುದು ಹೆಚ್ಚಾಗಿ ಇವುಗಳ ಮೇಲೇ. ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆ ಹತ್ತಿರದ ನೀರು ಮಾಮೂಲಿಗಿಂತ ಅರ್ಧ ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ತಣ್ಣಗಾಗಿ ಕೆಲವು ತಿಂಗಳು ಹಾಗೇ ನಿಂತರೆ ಲಾ ನಿನಾ, ಅಷ್ಟೇ ಬಿಸಿಯಾದರೆ ಎಲ್ ನಿನೊ. ಲಾ ನಿನಾ ವರ್ಷ ಎತ್ತರದಲ್ಲಿ ಓಡುವ ಗಾಳಿಯ ಹೊಳೆ, ಅಂದರೆ ಜೆಟ್ ಸ್ಟ್ರೀಮ್, ಕೆನಡಾ ಕಡೆಯಿಂದ ನಮ್ಮ ತಲೆ ಮೇಲೆ ಇಳಿದು ಬರುವುದು ಜಾಸ್ತಿ. ಆಲ್ಬರ್ಟಾ ಕ್ಲಿಪ್ಪರ್ ಅಂತ ಕರೆಯುವ ಚುರುಕು ಬಿರುಗಾಳಿಗಳೂ ಅದರ ಜೊತೆಗೇ ಬರುತ್ತವೆ. ಎಲ್ ನಿನೊ ವರ್ಷ ಪೆಸಿಫಿಕ್‌ನ ಮೆತ್ತಗಿನ ಗಾಳಿ ಒಳನಾಡಿಗೆ ಬರುತ್ತದೆ, ದೊಡ್ಡ ಬಿರುಗಾಳಿಗಳು ದಕ್ಷಿಣಕ್ಕೆ ಸರಿಯುತ್ತವೆ.

ಇದು ಚೆನ್ನಾಗಿ ಹೊಂದಿಕೊಂಡ ವರ್ಷಗಳಿವೆ. 2022-23 ಸತತ ಮೂರನೇ ಲಾ ನಿನಾ, ಬಿಸ್ಮಾರ್ಕ್‌ನಲ್ಲಿ ಹಿಮ 100 ಇಂಚು ದಾಟಿತು. ಮರುವರ್ಷ ಜೋರು ಎಲ್ ನಿನೊ, ನಾರ್ತ್ ಡಕೋಟಾ ತನ್ನ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಕಂಡಿತು. ಕೈಕೊಟ್ಟ ವರ್ಷಗಳೂ ಇವೆ. 2011-12 ಕೂಡ ಲಾ ನಿನಾನೇ, ಚಳಿಗಾಲ ಬಂದಿತ್ತಾ ಅಂತ ಕೇಳುವಷ್ಟು ಬೆಚ್ಚಗಿತ್ತು. ಇನ್ನೂ ಮುಖ್ಯವಾದದ್ದು ಏನೆಂದರೆ, ಆ ದಾಖಲೆ ಬೆಚ್ಚಗಿನ ಚಳಿಗಾಲದ ನಡುವೆಯೇ, 2024ರ ಜನವರಿ ಮಧ್ಯದಲ್ಲಿ, ಧ್ರುವದ ಗಾಳಿ ಇಳಿದು ಒಂದು ವಾರ ಇಡೀ ಬಯಲನ್ನು ಮರಗಟ್ಟಿಸಿತು. ಮೂರು ತಿಂಗಳ ಸರಾಸರಿಯಲ್ಲಿ ಆ ವಾರ ಕಾಣುವುದೇ ಇಲ್ಲ. ಕಾರು ಸ್ಟಾರ್ಟ್ ಆಗದೆ ನಿಂತವನಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು?

ಈಗ ಅಸಲು ವಿಷಯ. ಆ ಎರಡೂ ನಕ್ಷೆಯಲ್ಲಿ ಗಾಳಿ ಇಲ್ಲ. ಈ ಕಡೆ ಜೀವಕ್ಕೆ ಕುತ್ತು ತರುವುದು ಗಾಳಿಯೇ. ಫಾರ್ಗೋ, ಗ್ರ್ಯಾಂಡ್ ಫೋರ್ಕ್ಸ್ ಇರುವ ಜಾಗವನ್ನು ರೆಡ್ ನದಿಯ ಕಣಿವೆ ಅಂತ ಕರೆಯುತ್ತಾರೆ, ಆದರೆ ಅದು ಹಳೆಯ ಕಾಲದ ದೊಡ್ಡ ಕೆರೆಯೊಂದರ ತಳ, ರೊಟ್ಟಿ ತಟ್ಟಿದಷ್ಟು ಸಮ. ತಡೆಯಲು ಗುಡ್ಡ ಇಲ್ಲ, ಮರಗಳೂ ಸಾಲಾಗಿ ನೆಟ್ಟ ಕಡೆ ಮಾತ್ರ. ಬ್ಲಿಝರ್ಡ್ ಅಂದರೆ ಜೋರು ಹಿಮ ಅಂತ ಬಹಳ ಜನ ತಿಳಿದಿದ್ದಾರೆ. ಹವಾಮಾನ ಇಲಾಖೆಯ ಅಳತೆಯೇ ಬೇರೆ: ಗಾಳಿ ಗಂಟೆಗೆ 35 ಮೈಲಿ ಅಥವಾ ಜಾಸ್ತಿ, ಕಣ್ಣಿಗೆ ಕಾಣುವ ದೂರ ಕಾಲು ಮೈಲಿಗಿಂತ ಕಡಿಮೆ, ಹಾಗೇ ಮೂರು ಗಂಟೆ. ಹೊಸ ಹಿಮ ಒಂದು ಚೂರೂ ಬೀಳಬೇಕಿಲ್ಲ. ನೆಲದ ಮೇಲೆ ಹೋದ ವಾರದ ಪುಡಿ ಹಿಮ ಇದ್ದರೆ ಸಾಕು, ಗಾಳಿ ಅದನ್ನೇ ಎಬ್ಬಿಸುತ್ತದೆ. ತಲೆ ಎತ್ತಿದರೆ ನೀಲಿ ಆಕಾಶ, ಮುಂದೆ ನೋಡಿದರೆ ನಿಮ್ಮ ಕಾರಿನ ಬಾನೆಟ್ಟೂ ಕಾಣುವುದಿಲ್ಲ. ಕಣ್ಣಾರೆ ನೋಡುವ ತನಕ ನಾನೂ ನಂಬಿರಲಿಲ್ಲ.

ಹಾಗಾದರೆ ಗಾಳಿಯ ಸುದ್ದಿ ಎಲ್ಲಿ ಸಿಗುತ್ತದೆ? ಹತ್ತಿರದ ಮುನ್ಸೂಚನೆಗಳಲ್ಲಿ. ಅಕ್ಟೋಬರ್ ನಕ್ಷೆಯನ್ನು ಮನೆ, ಬಟ್ಟೆ, ಬಜೆಟ್ಟಿಗೆ ಮಾತ್ರ ಇಟ್ಟುಕೊಳ್ಳಿ. ಹೀಟಿಂಗ್ ಬಿಲ್ಲಿಗೆ ಎಷ್ಟು ಎತ್ತಿಡಬೇಕು ಅನ್ನುವುದಕ್ಕೆ ಅದು ಒಳ್ಳೆಯದು. ಬ್ಯಾಟರಿ ಪರೀಕ್ಷೆ, ಚಳಿಗಾಲದ ಟೈರು, ನಿಂತ ಕಾರಿನ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್, ಇವನ್ನು ನಕ್ಷೆ ಕೆಂಪಿದ್ದರೂ ಮಾಡಿಸಿಬಿಡಿ. ಡಿಸೆಂಬರ್ ಬಂದ ಮೇಲೆ ಅದೇ ಸೆಂಟರ್‌ನ 8ರಿಂದ 14 ದಿನದ ನಕ್ಷೆ ನೋಡುತ್ತಿರಿ. ಅಲ್ಲಿ ಕಡು ನೀಲಿ ಬಂತು ಅಂದರೆ ಧ್ರುವದ ಗಾಳಿ ಹೊರಟಿದೆ ಅಂತ ಲೆಕ್ಕ. ಊರಿಗೆ ಹೋಗುವ ಪ್ರಯಾಣ, ಏರ್‌ಪೋರ್ಟಿಗೆ ಡ್ರೈವ್ ಇದ್ದರೆ ಆಗಲೇ ಬೇರೆ ದಿನ ಯೋಚಿಸಿ.

ಒಂದು ವಾರ ಒಳಗೆ ಬಂದ ಮೇಲೆ ಹವಾಮಾನ ಇಲಾಖೆಯ ಗ್ರ್ಯಾಂಡ್ ಫೋರ್ಕ್ಸ್ ಅಥವಾ ಬಿಸ್ಮಾರ್ಕ್ ಕಚೇರಿಯ ಪುಟವೇ ನಿಮ್ಮ ಪಂಚಾಂಗ. ಫಾರ್ಗೋದವರಿಗೆ ಗ್ರ್ಯಾಂಡ್ ಫೋರ್ಕ್ಸ್ ಕಚೇರಿ. ಅಲ್ಲಿ "ಫೋರ್‌ಕಾಸ್ಟ್ ಡಿಸ್ಕಶನ್" ಅಂತ ಒಂದು ಬರಹ ಇರುತ್ತದೆ, ಮುನ್ಸೂಚನೆ ಬರೆದವರು ತಮಗೆ ಎಲ್ಲಿ ಅನುಮಾನ ಇದೆ ಅಂತ ಅದರಲ್ಲಿ ಬಾಯಿಬಿಟ್ಟು ಹೇಳಿರುತ್ತಾರೆ. ಫೋನಿನ ಆ್ಯಪ್‌ನ ಹಿಮದ ಚಿತ್ರಕ್ಕಿಂತ ಅದು ನೂರು ಪಾಲು ವಾಸಿ. ಆಮೇಲೆ "ವಾಚ್", ಅಂದರೆ ಅಪಾಯ ಬರಬಹುದು ಅನ್ನುವ ಸೂಚನೆ, ಬಂದರೆ ದಿನಸಿ, ಔಷಧಿ, ಪೆಟ್ರೋಲು ತುಂಬಿಸಿಕೊಳ್ಳಿ. "ವಾರ್ನಿಂಗ್", ಅಂದರೆ ಬಂದೇಬಿಟ್ಟಿತು ಅನ್ನುವ ಎಚ್ಚರಿಕೆ, ಬಂದರೆ ಹೊರಡಬೇಡಿ. 2024ರ ಅಕ್ಟೋಬರ್‌ನಿಂದ "ವಿಂಡ್ ಚಿಲ್ ವಾರ್ನಿಂಗ್" ಹೆಸರು "ಎಕ್ಸ್‌ಟ್ರೀಮ್ ಕೋಲ್ಡ್ ವಾರ್ನಿಂಗ್" ಅಂತ ಬದಲಾಗಿದೆ, ಹಳೆಯ ಹೆಸರು ಹುಡುಕುತ್ತಾ ಕೂರಬೇಡಿ. ಸೊನ್ನೆ ಫ್ಯಾರನ್‌ಹೀಟ್ ಇದ್ದು ಗಾಳಿ 15 ಮೈಲಿ ಬೀಸಿದರೆ ಮೈಗೆ ಮೈನಸ್ 19 ಫ್ಯಾರನ್‌ಹೀಟ್‌ನ ಅನುಭವ, ಬರಿ ಚರ್ಮ ಅರ್ಧ ಗಂಟೆಯಲ್ಲಿ ಮರಗಟ್ಟಬಹುದು. ಈ ಕಡೆ 15 ಮೈಲಿ ಅಂದರೆ ಗಾಳಿ ಸುಮ್ನೆ ಇದೆ ಅಂತ ಅರ್ಥ!

ರಸ್ತೆ ಹೇಗಿದೆ ಅಂತ ತಿಳಿಯಲು 511 ಅನ್ನುವ ರಸ್ತೆ ಮಾಹಿತಿ ಸೇವೆ ನೋಡಿ. "ನೋ ಟ್ರಾವೆಲ್ ಅಡ್ವೈಸ್ಡ್" ಅಂತ ಇದ್ದರೆ ಅದು ಸಲಹೆ ಅಂತ ಉಡಾಫೆ ಮಾಡಬೇಡಿ. ಐ-29, ಐ-94 ಹೆದ್ದಾರಿಗಳಿಗೆ ಗೇಟ್ ಇಟ್ಟಿರುವುದು ಸುಮ್ನೆ ಅಲ್ಲ. ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆದು ಹೋಗಬೇಡಿ, ದೀಪ ಹತ್ತಿರದಲ್ಲೇ ಕಂಡರೂ ಸರಿ. ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ. ಅದಕ್ಕೂ ಮೊದಲು ಹೊಗೆ ಕೊಳವೆಗೆ ಹಿಮ ಮುಚ್ಚಿಲ್ಲವಾ ನೋಡಿ, ಇಲ್ಲದಿದ್ದರೆ ವಿಷದ ಹೊಗೆ ಒಳಗೇ ತುಂಬುತ್ತದೆ. ಕಿಟಕಿ ಚೂರು ತೆರೆದಿಡಿ. ಕಂಬಳಿ, ನೀರು, ತಿನ್ನಲು ಏನಾದರೂ, ಟಾರ್ಚು, ಇವು ನವೆಂಬರ್‌ನಿಂದ ಏಪ್ರಿಲ್ ತನಕ ಹಿಂದಿನ ಸೀಟಿನಲ್ಲೇ ಇರಲಿ. ಡಿಕ್ಕಿಯಲ್ಲಿ ಬೇಡ, ಅದರ ಬಾಗಿಲು ಹೆಪ್ಪುಗಟ್ಟಿದರೆ ತೆಗೆಯಲಾಗುವುದಿಲ್ಲ.

ಹಿಮ ಬೀಳುವುದು ಮುಗಿದ ಮೇಲೆ ಇನ್ನೊಂದು ಮುನ್ನೋಟ ಓದುವುದಿದೆ, ಪ್ರವಾಹದ್ದು. ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ, ದಕ್ಷಿಣದಲ್ಲಿ ಹಿಮ ಕರಗಿ ನೀರು ಬರುವಾಗ ಮುಂದೆ ಇನ್ನೂ ಮಂಜುಗಡ್ಡೆ. 1996-97ರಲ್ಲಿ ಫಾರ್ಗೋದಲ್ಲಿ ದಾಖಲೆಯ ಹಿಮ ಬಿದ್ದಿತ್ತು. ಆ ವಸಂತದಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ಗೆ ನದಿ 49 ಅಡಿ ಏರುತ್ತದೆ ಅಂತ ಮುನ್ಸೂಚನೆ ಇತ್ತು. ಜನ ಆ ಒಂದು ಸಂಖ್ಯೆ ನಂಬಿ, ಅದಕ್ಕಿಂತ ತುಸು ಎತ್ತರಕ್ಕೆ ಮರಳು ಚೀಲ ಪೇರಿಸಿದರು. ನೀರು 54 ಅಡಿ ದಾಟಿತು, ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಈಗ ಚಳಿಗಾಲದ ಕೊನೆಗೆ ಬರುವ ಮುನ್ನೋಟದಲ್ಲಿ ಒಂದೇ ಸಂಖ್ಯೆ ಇರುವುದಿಲ್ಲ. ಶೇ. 90, 50, 10 ಅಂತ ಸಾಧ್ಯತೆಗೆ ತಕ್ಕಂತೆ ಎಷ್ಟು ಅಡಿ ಅಂತ ಪಟ್ಟಿ ಇರುತ್ತದೆ, ಸಾಧ್ಯತೆ ಕಡಿಮೆ ಆದಷ್ಟೂ ಅಡಿ ಜಾಸ್ತಿ. ನಿಮ್ಮ ಬಾಡಿಗೆ ಮನೆ ನದಿ ಹತ್ತಿರ ಇದ್ದು ಬೇಸ್‌ಮೆಂಟ್‌ನಲ್ಲಿ ಸಾಮಾನು ಇಟ್ಟಿದ್ದರೆ 10ರ ಕಾಲಂ ನೋಡಿ, 50ರದ್ದಲ್ಲ.