ಗುರಿ ತಪ್ಪುತ್ತಿರುವುದು ಕಣ್ಣಿಂದಲೋ ಕೈಯಿಂದಲೋ? ಸ್ನೂಕರ್‌ನಲ್ಲಿ ಏಮಿಂಗ್ ಸಾಧನ, ಕೋಚಿಂಗ್ ಬಗ್ಗೆ

ಪಾರ್ಲರ್‌ನಲ್ಲಿ ವಾರಕ್ಕೆ ಮೂರು ದಿನ ಆಡುವವರನ್ನು ನೋಡಿ. ಮೊದಲ ಎರಡು ವರ್ಷ ಚೆನ್ನಾಗಿ ಮೇಲೆ ಬರುತ್ತಾರೆ, ಆಮೇಲೆ ಒಂದು ಕಡೆ ನಿಂತುಬಿಡುತ್ತಾರೆ. ಇಪ್ಪತ್ತು, ಇಪ್ಪತ್ತೈದರ ಬ್ರೇಕ್ (ಒಂದೇ ಸರದಿಯಲ್ಲಿ ಬಿಡದೆ ಗಳಿಸುವ ಪಾಯಿಂಟ್) ಬರುತ್ತದೆ, ಅದರಾಚೆ ಹೋಗುವುದಿಲ್ಲ. ಹತ್ತಿರದ ಬ್ಲ್ಯಾಕ್ ಬೀಳುತ್ತದೆ, ಸ್ವಲ್ಪ ದೂರದ ರೆಡ್ ಪಾಕೆಟ್ ಬಾಯಲ್ಲಿ ಅಲ್ಲಾಡಿ ನಿಂತುಬಿಡುತ್ತದೆ. ಆಗಲೇ ಲೇಸರ್, ಗೆರೆ ಹಾಕಿದ ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಬಾಲ್, ಅಂದರೆ ವೈಟ್), ಗುರಿ ತೋರಿಸುವ ಶೀಟ್ ಇವುಗಳ ಮೇಲೆ ಕಣ್ಣು ಹೋಗುವುದು. ಇದನ್ನು ತಗೊಳ್ಳಲಾ, ಇಲ್ಲಾ ಕೋಚ್ ಹತ್ತಿರ ಹೋಗಲಾ ಅಂತ ನನ್ನ ಜೊತೆ ಆಡುವವರು ಆಗಾಗ ಕೇಳುತ್ತಾರೆ. ಎರಡರಿಂದಲೂ ಆಟ ಸುಧಾರಿಸುತ್ತದೆ. ಆದರೆ ಅದಕ್ಕೂ ಮುಂಚೆ ನೀವು ತಪ್ಪುತ್ತಿರುವುದು ಯಾಕೆ ಅಂತ ಗೊತ್ತಾಗಬೇಕು. ಅದನ್ನು ತಿಳಿಯಲು ಒಂದು ಗಂಟೆಯ ಟೇಬಲ್ ಬಾಡಿಗೆ ಸಾಕು.

ಪಾಟ್, ಅಂದರೆ ಬಾಲನ್ನು ಪಾಕೆಟ್‌ಗೆ ಬೀಳಿಸುವುದು, ತಪ್ಪುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಎಲ್ಲಿಗೆ ಹೊಡೆಯಬೇಕು ಅಂತ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ. ಇನ್ನೊಂದು, ಕಣ್ಣಿಗೆ ಸರಿಯಾಗೇ ಕಾಣುತ್ತಿದೆ, ಕ್ಯೂ (ಹೊಡೆಯುವ ಕೋಲು) ಮಾತ್ರ ಅಲ್ಲಿಗೆ ಹೋಗುತ್ತಿಲ್ಲ. ಏಮಿಂಗ್ ಸಾಧನಗಳೆಲ್ಲಾ ಬಹುತೇಕ ಮೊದಲನೆಯದಕ್ಕೆ ಮದ್ದು. ನಮ್ಮಂಥ ಕ್ಲಬ್ ಆಟಗಾರರಲ್ಲಿ ನಾನು ಜಾಸ್ತಿ ನೋಡಿರುವುದು ಎರಡನೆಯದನ್ನು.

ಮೊದಲು ಕೈಯನ್ನು ಪರೀಕ್ಷಿಸಿ. ಟೇಬಲ್ ಮೇಲೆ ವೈಟ್ ಒಂದೇ ಇರಲಿ. ಅದನ್ನು ಬ್ರೌನ್ ಸ್ಪಾಟ್ (ಬ್ರೌನ್ ಬಾಲ್ ಇಡುವ ಗುರುತು) ಮೇಲಿಟ್ಟು ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲೆ ಹಾದುಹೋಗುವ ಹಾಗೆ ನೇರವಾಗಿ ಹೊಡೆಯಿರಿ. ಆ ಕಡೆಯ ಕುಶನ್‌ಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ) ತಾಗಿ ವಾಪಸ್ ಬಂದು ನಿಮ್ಮ ಟಿಪ್‌ಗೇ, ಅಂದರೆ ಕ್ಯೂ ತುದಿಗೇ, ಮುಟ್ಟಬೇಕು. ಹೊಡೆದಮೇಲೆ ಏಳಬೇಡಿ, ಕ್ಯೂ ಅಲ್ಲೇ ಇರಲಿ. ಇಲ್ಲಿ ಇನ್ನೊಂದು ಬಾಲೇ ಇಲ್ಲ, ಆದ್ದರಿಂದ ಕೋನ ಲೆಕ್ಕ ಹಾಕುವ ತಲೆನೋವಿಲ್ಲ, ನಿಮ್ಮ ನಿಲುವು ಮತ್ತು ಕೈ ಎಷ್ಟು ನೇರ ಅನ್ನೋದು ಮಾತ್ರ ಗೊತ್ತಾಗುತ್ತದೆ. ಇಪ್ಪತ್ತು ಸಲ ಹೊಡೆದು ಟಿಪ್‌ಗೆ ಎಷ್ಟು ಬಂತು ಅಂತ ಬರೆದಿಡಿ.

ಬಾಲ್ ಹೇಗೆ ತಪ್ಪಿತು ಅನ್ನೋದನ್ನೂ ಗಮನಿಸಿ, ಇದು ಎಣಿಕೆಗಿಂತ ಮುಖ್ಯ. ಹೋಗುವಾಗಲೇ ಪಿಂಕ್ ಸ್ಪಾಟ್ ಬಿಟ್ಟು ಪಕ್ಕಕ್ಕೆ ಹೋದರೆ ನೀವು ನಿಂತ ಗೆರೆಯೇ ಓರೆ ಇರಬಹುದು, ಅಥವಾ ಹೊಡೆಯುವ ಹೊತ್ತಿಗೆ ಕ್ಯೂ ಪಕ್ಕಕ್ಕೆ ತಿರುಗಿರಬಹುದು. ಹೋಗುವಾಗ ಸ್ಪಾಟ್‌ಗಳ ಮೇಲೇ ಹೋಗಿ, ಕುಶನ್ ಮುಟ್ಟಿದಮೇಲೆ ಬಲಕ್ಕೋ ಎಡಕ್ಕೋ ತಿರುಗಿದರೆ ಟಿಪ್ ಬಾಲಿನ ನಡುವೆ ಬಿದ್ದಿಲ್ಲ, ನಿಮಗೆ ಗೊತ್ತಿಲ್ಲದೆ ಸೈಡ್ (ಬಾಲ್ ಪಕ್ಕಕ್ಕೆ ಸುತ್ತುವ ತಿರುಗು) ಹಾಕಿದ್ದೀರಿ ಅಂತ ಅರ್ಥ. ಒಂದು ಎಚ್ಚರಿಕೆ. ಎಲ್ಲಾ ಪಾರ್ಲರ್ ಟೇಬಲ್‌ಗಳೂ ಮಟ್ಟವಾಗಿರುವುದಿಲ್ಲ. ಮೊದಲು ವೈಟನ್ನು ಕೈಯಿಂದ ಮೆಲ್ಲಗೆ ಉರುಳಿಸಿ ನೋಡಿ. ಟೇಬಲ್ಲೇ ಒಂದು ಕಡೆ ಎಳೆಯುತ್ತಿದ್ದರೆ ಬೇರೆ ಟೇಬಲ್ ಕೇಳಿ.

ಆಮೇಲೆ ಕಣ್ಣಿನ ಪರೀಕ್ಷೆ. ಬ್ಲೂವನ್ನು ಅದರ ಸ್ಪಾಟ್ ಮೇಲಿಡಿ. ಒಂದು ಕಾರ್ನರ್ ಪಾಕೆಟ್ ಆರಿಸಿಕೊಳ್ಳಿ. ಆ ಪಾಕೆಟ್‌ನಿಂದ ಬ್ಲೂ ನಡುವೆ ಹಾದುಬರುವ ಗೆರೆಯಲ್ಲೇ, ಬ್ಲೂ ಹಿಂದೆ ಇನ್ನೊಂದು ಬಾಲನ್ನು ಅಂಟಿದ ಹಾಗೆ ಇಡಿ. ವೈಟ್ ಬಂದು ಬ್ಲೂಗೆ ಮುಟ್ಟುವಾಗ ಎಲ್ಲಿರಬೇಕೋ ಅದೇ ಈ ಜಾಗ, ಇದಕ್ಕೆ ಗೋಸ್ಟ್ ಬಾಲ್ ಅನ್ನುತ್ತಾರೆ. ಆ ಬಾಲನ್ನು ತೆಗೆದು ಅದು ಕೂತಿದ್ದ ಜಾಗದಲ್ಲಿ ಒಂದು ಚಿಕ್ಕ ಕಾಗದದ ಚೂರು ಇಡಿ. ಅಂಟಿಸಬೇಡಿ, ಬಟ್ಟೆ ಹಾಳಾಗುತ್ತದೆ, ಪಾರ್ಲರ್‌ನಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್‌ಗೂ ಬೇಜಾರಾಗುತ್ತದೆ. ಈಗ ಸ್ವಲ್ಪ ಕೋನ ಇರುವ ಹಾಗೆ ವೈಟ್ ಇಟ್ಟು, ಕಾಗದದ ಮೇಲೆ ಗುರಿಯಿಟ್ಟು ಇಪ್ಪತ್ತು ಪಾಟ್ ಹೊಡೆಯಿರಿ. ನಂತರ ಕಾಗದ ತೆಗೆದು ಅದೇ ಜಾಗದಿಂದ ಇನ್ನೊಂದು ಇಪ್ಪತ್ತು.

ಕಾಗದ ಇದ್ದಾಗ ಹದಿನಾಲ್ಕು ಬಿದ್ದು, ಇಲ್ಲದಾಗ ಏಳು ಬಿದ್ದರೆ ನಿಮ್ಮ ಕಣ್ಣಿಗೆ ಸಹಾಯ ಬೇಕು, ಏಮಿಂಗ್ ಸಾಧನ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎರಡೂ ಸಲ ಏಳೆಂಟೇ ಬಿದ್ದರೆ ಎಂಥಾ ಲೇಸರ್ ತಂದರೂ ಪ್ರಯೋಜನ ಇಲ್ಲ, ಯಾಕೆಂದರೆ ಎಲ್ಲಿಗೆ ಹೊಡೆಯಬೇಕು ಅಂತ ಎದುರಿಗೇ ಗುರುತಿದ್ದರೂ ವೈಟ್ ಅಲ್ಲಿಗೆ ಹೋಗುತ್ತಿಲ್ಲ.

ಸ್ನೂಕರ್ ಯಾಕೆ ಇಷ್ಟು ಕಷ್ಟ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಬಾಲಿನ ಅಗಲ 52.5 ಮಿಲಿಮೀಟರ್. ಟೇಬಲ್ ಆಡುವ ಜಾಗ ಸುಮಾರು 3.57 ಮೀಟರ್ ಉದ್ದ, 1.78 ಮೀಟರ್ ಅಗಲ. ವೈಟ್ ಬಂದು ರೆಡ್‌ಗೆ ತಾಗುವ ಜಾಗದಲ್ಲಿ ಬರೀ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ನೇರ ಪಾಟ್‌ನಲ್ಲಿ ರೆಡ್‌ನ ದಾರಿ ಹೆಚ್ಚುಕಮ್ಮಿ ಒಂದು ಡಿಗ್ರಿ ಬದಲಾಗುತ್ತದೆ. ಪಾಕೆಟ್ ಅಲ್ಲಿಂದ ಒಂದೂವರೆ ಮೀಟರ್ ದೂರ ಇದ್ದರೆ ಅಲ್ಲಿಗೆ ಹೋಗುವಷ್ಟರಲ್ಲಿ ರೆಡ್ ಸುಮಾರು 29 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ, ಅಂದರೆ ಬಾಲಿನ ಅರ್ಧ ಅಗಲಕ್ಕಿಂತ ಜಾಸ್ತಿ. ಒಂದು ಮಿಲಿಮೀಟರ್! ಉಗುರಿನ ಅಂಚಿನಷ್ಟು ಕೂಡ ಇಲ್ಲ, ಅಲ್ವಾ? ಇಷ್ಟು ಸೂಕ್ಷ್ಮ ಇರುವ ಕಡೆ ಕ್ಯೂ ಸ್ವಲ್ಪ ಓರೆಯಾದರೂ ಕಣ್ಣು ಮಾಡಿದ ಕೆಲಸ ಎಲ್ಲಾ ನೀರುಪಾಲು.

ನನ್ನ ವಿಷಯದಲ್ಲಿ ಹೀಗೇ ಆಯಿತು. ಉದ್ದದ ಪಾಟ್ ಬೀಳುತ್ತಿಲ್ಲ ಅಂತ ಲೇಸರ್ ತರಿಸಿದೆ. ಹಸಿರು ಬಟ್ಟೆಯ ಮೇಲೆ ಕೆಂಪು ಗೆರೆ ಬೀಳುತ್ತಿತ್ತು, ಅದನ್ನು ನೋಡಿಕೊಂಡು ಮೂರು ವಾರ ಅಭ್ಯಾಸ ಮಾಡಿದೆ, ಪಾಟ್ ಸ್ವಲ್ಪ ಜಾಸ್ತಿಯೂ ಆಯಿತು. ಕ್ಲಬ್ ಟೂರ್ನಮೆಂಟ್‌ನಲ್ಲಿ ಗೆರೆ ಇರಲಿಲ್ಲ, ಆಟ ಮೊದಲಿನ ಹಾಗೇ ಇತ್ತು. ಅವತ್ತು ನಮ್ಮ ಪಾರ್ಲರ್‌ನ ಹಿರಿಯ ಮಾರ್ಕರ್ ಒಂದು ಖಾಲಿ ಗಾಜಿನ ಬಾಟಲ್ ತಂದು ಟೇಬಲ್ ಮೇಲೆ ಅಡ್ಡ ಮಲಗಿಸಿದರು. "ಸಾರ್, ಬಾಲ್ ಬೇಡ. ಬಾಟಲ್ ಬಾಯೊಳಗೆ ಕ್ಯೂ ಹಾಕಿ ತೆಗೀರಿ. ಸದ್ದು ಬರಬಾರದು, ಅಷ್ಟೇ" ಅಂದರು. ಹಿಂದೆ ಮುಂದೆ ಮೆಲ್ಲಗೆ ಆಡಿಸುವಾಗ ಸದ್ದೇ ಇಲ್ಲ. ಕೊನೆಗೆ ಹೊಡೆಯುವ ಹಾಗೆ ಜೋರಾಗಿ ಮುಂದೆ ತಂದಾಗ ಪ್ರತಿ ಸಲ ಟಿಣ್ ಅಂತ ಗಾಜು ತಾಗುತ್ತಿತ್ತು, ಅದೂ ಬಲಗಡೆಗೇ. "ಹಿಡಿತ ಬಿಗಿ ಮಾಡ್ತಿದ್ದೀರ, ಮೊಣಕೈ ಹೊರಗೆ ಹೋಗ್ತಿದೆ" ಅಂದರು. ಮುಷ್ಟಿಯಲ್ಲಿ ಕ್ಯೂ ಅದುಮದೆ, ಹಿಂದಿನ ಬೆರಳುಗಳನ್ನು ಸಡಿಲ ಬಿಟ್ಟು ಮತ್ತೆ ಮಾಡಿದೆ. ಸದ್ದು ಕಡಿಮೆಯಾಯಿತು. ಆ ಬಾಟಲ್ ಅಭ್ಯಾಸವನ್ನು ದಿನಾ ಹತ್ತು ನಿಮಿಷ ಮನೆಯ ಡೈನಿಂಗ್ ಟೇಬಲ್ ಮೇಲೆ ಈಗಲೂ ಮಾಡುತ್ತೇನೆ.

ಹಾಗಂತ ಸಾಧನಗಳನ್ನು ತಳ್ಳಿಹಾಕುತ್ತಿಲ್ಲ. ಹೊಸದಾಗಿ ಕಲಿಯುವವರಿಗೆ ಗೋಸ್ಟ್ ಬಾಲ್ ಶೀಟ್ ಬಹಳ ಒಳ್ಳೆಯದು, ಬಾಲಿನ ಯಾವ ಭಾಗಕ್ಕೆ ತಾಗಿದರೆ ಯಾವ ಕಡೆ ಹೋಗುತ್ತದೆ ಅನ್ನೋ ಚಿತ್ರ ತಲೆಯಲ್ಲಿ ಕೂರುತ್ತದೆ. ಅರ್ಧ ಬಾಲ್ ತಾಗಿದರೆ ರೆಡ್ 30 ಡಿಗ್ರಿಗೆ ಹೋಗುತ್ತದೆ, ಮುಕ್ಕಾಲು ತಾಗಿದರೆ ಸುಮಾರು 14.5, ಕಾಲು ಭಾಗ ತಾಗಿದರೆ ಸುಮಾರು 48.5. ಈ ಮೂರರಲ್ಲಿ ಅರ್ಧ ಬಾಲನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಅದರಲ್ಲಿ ಕ್ಯೂವನ್ನು ರೆಡ್‌ನ ಅಂಚಿಗೇ ನೇರ ಹಿಡಿಯಬೇಕು, ಆದ್ದರಿಂದ ನೋಡಲು ಸುಲಭ, ಮಿಕ್ಕ ಕೋನಗಳನ್ನು ಇದಕ್ಕಿಂತ ದಪ್ಪ, ಇದಕ್ಕಿಂತ ತೆಳು ಅಂತ ಹೋಲಿಸಿಕೊಳ್ಳಬಹುದು. ಶೀಟ್ ತೋರಿಸದ ಒಂದು ವಿಷಯವೂ ಇದೆ. ಬಾಲ್‌ಗಳು ಒಂದಕ್ಕೊಂದು ಉಜ್ಜುವುದರಿಂದ ರೆಡ್ ಸ್ವಲ್ಪ ವೈಟ್ ಹೋಗುವ ಕಡೆಗೇ ಎಳೆದುಕೊಂಡು ಹೋಗುತ್ತದೆ. ಮೆಲ್ಲಗೆ ಹೊಡೆದಾಗ, ಬಾಲ್ ಕೊಳೆಯಾಗಿದ್ದಾಗ ಇದು ಜಾಸ್ತಿ. ಹಾಗಾಗಿ ಶೀಟ್ ಹೇಳಿದ್ದಕ್ಕಿಂತ ಒಂದು ಕೂದಲು ತೆಳುವಾಗಿ ಹೊಡೆಯಬೇಕಾಗುತ್ತದೆ, ಇದು ಟೇಬಲ್ ಮೇಲೆ ಆಡಿ ಆಡಿಯೇ ಬರಬೇಕು.

ಗುರುತು ಹಾಕಿದ ಕ್ಯೂ ಬಾಲ್ ಗುರಿಗಿಂತ ಹೆಚ್ಚಾಗಿ ಟಿಪ್ ಎಲ್ಲಿ ಬಿತ್ತು ಅಂತ ನೋಡಲು ಉಪಯೋಗ. ಟಿಪ್‌ಗೆ ಚೆನ್ನಾಗಿ ಚಾಕ್ ಹಚ್ಚಿ ಹೊಡೆದು, ಬಾಲ್ ಎತ್ತಿ ಚಾಕ್ ಕಲೆ ಎಲ್ಲಿದೆ ಅಂತ ನೋಡಿದರೆ ಗೊತ್ತಾಗಿಬಿಡುತ್ತದೆ. ಯಾವ ಸಾಧನವೇ ಆಗಲಿ, ಐದು ಹೊಡೆತ ಇಟ್ಟುಕೊಂಡು, ಐದು ಹೊಡೆತ ಇಲ್ಲದೆ, ಹೀಗೆ ಬದಲಾಯಿಸುತ್ತಾ ಅಭ್ಯಾಸ ಮಾಡಿ. ಇಲ್ಲದಿದ್ದರೆ ಕಣ್ಣು ಆ ಗೆರೆಗೇ ಒಗ್ಗಿಬಿಡುತ್ತದೆ. ಪಂದ್ಯದಲ್ಲಂತೂ ಯಾವುದೂ ನಡೆಯುವುದಿಲ್ಲ, ಬಾಲ್ ಹೋಗಲು ಜಾಗ ಇದೆಯಾ ಅಂತ ಯಾವುದೇ ವಸ್ತು ಇಟ್ಟು ಅಳೆದರೂ ನಿಯಮದ ಪ್ರಕಾರ ಫೌಲ್, 7 ಪಾಯಿಂಟ್ ಎದುರಾಳಿಗೆ.

ಕಣ್ಣಿನ ಬಗ್ಗೆ ಇನ್ನೊಂದು ಮಾತು. ಎರಡು ಕಣ್ಣಲ್ಲಿ ಒಂದು ಮುಂದಾಳು ಇರುತ್ತದೆ. ಎರಡೂ ಅಂಗೈ ಸೇರಿಸಿ ನಡುವೆ ಚಿಕ್ಕ ಕಿಂಡಿ ಮಾಡಿ, ಅದರಲ್ಲಿ ಗೋಡೆಯ ಗಡಿಯಾರ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಂದಾಳು. ಕ್ಯೂ ಗದ್ದದ ನಡುವೆಯೇ ಇರಬೇಕು ಅಂತ ಹಠ ಬೇಡ. ಜೋ ಡೇವಿಸ್ ಅವರ ಬಲಗಣ್ಣಿನ ದೃಷ್ಟಿ ದುರ್ಬಲ ಇತ್ತು, ಅವರು ಕ್ಯೂವನ್ನು ಎಡಗಣ್ಣಿನ ಕೆಳಗೆ ಇಟ್ಟುಕೊಂಡೇ ಆಡಿದರು, ಸೋಲದೆ 15 ವಿಶ್ವ ಪ್ರಶಸ್ತಿ ಗೆದ್ದರು. ಮಾರ್ಕ್ ವಿಲಿಯಮ್ಸ್ 2018ರಲ್ಲಿ, 43ನೇ ವಯಸ್ಸಿನಲ್ಲಿ, ಮತ್ತೆ ವಿಶ್ವ ಚಾಂಪಿಯನ್ ಆದರು. ಕೋಚ್ ಸ್ಟೀವ್ ಫೀನಿ ಅವರ ಸೈಟ್‌ರೈಟ್ ವಿಧಾನದಲ್ಲಿ ಗೆರೆಗೆ ಸರಿಯಾಗಿ ನಿಲ್ಲುವುದನ್ನು ಹೊಸದಾಗಿ ಕಲಿತದ್ದು ಸಹಾಯ ಆಯಿತು ಅಂತ ವಿಲಿಯಮ್ಸ್ ಅವರೇ ಹೇಳಿಕೊಂಡಿದ್ದಾರೆ. ಅದರ ಹಿಂದಿನ ಎರಡು ವಿಶ್ವ ಪ್ರಶಸ್ತಿ ಅವರಿಗೆ 2000 ಮತ್ತು 2003ರಲ್ಲಿ ಬಂದಿದ್ದವು. ಅಷ್ಟು ದೊಡ್ಡ ಆಟಗಾರನಿಗೂ ನಿಲ್ಲುವ ಗೆರೆ ಓರೆಯಾಗಿದ್ದನ್ನು ತೋರಿಸಲು ಇನ್ನೊಬ್ಬರು ಬೇಕಾಯಿತು.

ಅದಕ್ಕೇ ಕೋಚಿಂಗ್‌ಗೆ ನಾನು ಹೆಚ್ಚು ಬೆಲೆ ಕೊಡುವುದು. ಬಾಗಿ ಗದ್ದವನ್ನು ಕ್ಯೂ ಮೇಲಿಟ್ಟಮೇಲೆ ನಿಮ್ಮ ಮೊಣಕೈ ನಿಮಗೆ ಕಾಣುವುದಿಲ್ಲ. ಬೇರೆಯವರ ಕಣ್ಣು ಬೇಕೇ ಬೇಕು. ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲಿ, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ ಸವೂರ್ ಅವರ ಹತ್ತಿರ ಚಿಕ್ಕ ವಯಸ್ಸಿನಲ್ಲೇ ಕಲಿತರು. ಸವೂರ್ ಸ್ವತಃ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದಾಗ ಪಂಕಜ್‌ಗೆ 18 ವರ್ಷ. ಕೋಚಿಂಗ್ ಅಂದರೆ ಬರೀ ಪಾಟ್ ಹೊಡೆಯೋದು ಕಲಿಸುವುದಲ್ಲ ಅನ್ನೋದಕ್ಕೆ ರಾನಿ ಒ'ಸುಲಿವನ್ ಇದ್ದಾರೆ. ಅವರಿಗೆ ಗುರಿ ಇಡುವುದನ್ನು ಯಾರು ಹೇಳಿಕೊಡಬೇಕು? ಆದರೂ ಆರು ಸಲ ವಿಶ್ವ ಚಾಂಪಿಯನ್ ಆಗಿದ್ದ ರೇ ರಿಯರ್ಡನ್ ಹತ್ತಿರ ಸೇಫ್ಟಿ ಆಟ (ಎದುರಾಳಿಗೆ ಸುಲಭದ ಹೊಡೆತ ಬಿಡದ ಹಾಗೆ ಆಡುವುದು) ಕಲಿತು 2004ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಗ್ರೇಮ್ ಡಾಟ್ ಅವರನ್ನು 18-8ರಿಂದ ಸೋಲಿಸಿದರು. ನಿಮ್ಮ ಫ್ರೇಮ್‌ಗಳನ್ನೂ (ಒಂದೊಂದು ಸುತ್ತಿನ ಆಟವನ್ನೂ) ಹೀಗೆ ನೋಡಿಕೊಳ್ಳಿ. ಸೋತ ಫ್ರೇಮ್‌ಗಳಲ್ಲಿ ಎಷ್ಟು ಸಲ ಹೊಡೆಯಲೇಬಾರದಿದ್ದ ರೆಡ್ ಹೊಡೆದಿರಿ?

ಕೋಚ್ ಹುಡುಕುವಾಗ ಅವರ ದೊಡ್ಡ ಬ್ರೇಕ್ ಎಷ್ಟು ಅಂತ ಕೇಳುವುದಕ್ಕಿಂತ, ಮೊದಲ ಅರ್ಧ ಗಂಟೆ ಏನು ಮಾಡುತ್ತಾರೆ ಅಂತ ನೋಡಿ. ಸುಮ್ನೆ ನಿಂತು ನಿಮ್ಮನ್ನು ಎದುರಿಂದ, ಪಕ್ಕದಿಂದ, ಹಿಂದಿನಿಂದ ನೋಡಿ, ಆಮೇಲೆ ಒಂದೋ ಎರಡೋ ವಿಷಯ ಹೇಳುವವರು ಒಳ್ಳೆಯವರು. ಬಂದ ತಕ್ಷಣ ಕಾಲು, ಕೈ, ಹಿಡಿತ, ಬ್ರಿಜ್ (ಕ್ಯೂಗೆ ಆಸರೆಯಾಗಿ ಟೇಬಲ್ ಮೇಲಿಡುವ ಕೈ) ಎಲ್ಲಾ ಒಟ್ಟಿಗೆ ಬದಲಾಯಿಸಿ ಅನ್ನುವವರ ಹತ್ತಿರ ಆಟ ಇನ್ನಷ್ಟು ಕೆಡುತ್ತದೆ. ಒಂದು ಬದಲಾವಣೆ ಮೈಗೆ ಒಗ್ಗಲು ಕೆಲವು ವಾರ ಬೇಕು, ಆ ವಾರಗಳಲ್ಲಿ ಮೊದಲಿಗಿಂತ ಕಡಿಮೆ ಬಾಲ್ ಬೀಳುತ್ತವೆ. ಇಲ್ಲಿಯೇ ತುಂಬಾ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ದಿನಾ ಕ್ಲಾಸ್ ಕೂಡ ಬೇಕಿಲ್ಲ, ಹದಿನೈದು ದಿನಕ್ಕೊಮ್ಮೆ ಹೋಗಿ, ನಡುವೆ ಹೇಳಿಕೊಟ್ಟದ್ದನ್ನು ಒಬ್ಬರೇ ಅಭ್ಯಾಸ ಮಾಡಿದರೆ ದುಡ್ಡೂ ಉಳಿಯುತ್ತದೆ, ಕಲಿತದ್ದೂ ಉಳಿಯುತ್ತದೆ.

ನಿಮ್ಮ ಊರಿನಲ್ಲಿ ಕೋಚ್ ಇಲ್ಲದಿದ್ದರೆ ಫೋನನ್ನೇ ಬಳಸಿ. ಆ ತುದಿಯ ಕುಶನ್ ಮೇಲೆ ಫೋನ್ ಒರಗಿಸಿ, ಕ್ಯೂ ನೇರ ಕ್ಯಾಮೆರಾ ಕಡೆ ಬರುವ ಹಾಗೆ ವಿಡಿಯೋ ಮಾಡಿ. ನಿಧಾನವಾಗಿ ಓಡಿಸಿ ಮೂರು ನೋಡಿ: ಹೊಡೆಯುವಾಗ ತಲೆ ಅಲ್ಲಾಡಿತಾ, ಮೊಣಕೈ ಕ್ಯೂ ಗೆರೆಯಿಂದ ಹೊರಗೆ ಹೋಯಿತಾ, ಹೊಡೆದಮೇಲೆ ಟಿಪ್ ಎಲ್ಲಿ ನಿಂತಿತು. ಪಾರ್ಲರ್‌ನಲ್ಲಿ ವರ್ಷಗಟ್ಟಲೆ ಇರುವ ಮಾರ್ಕರ್‌ಗೂ ಅದನ್ನು ತೋರಿಸಿ, ಗೌರವದಿಂದ ಕೇಳಿ. ದಿನಾ ನೂರಾರು ಹೊಡೆತ ನೋಡುವ ಅವರ ಕಣ್ಣಿಗೆ ಬೀಳದ ತಪ್ಪು ಕಡಿಮೆ.

ಆರು ವಾರ ಆದಮೇಲೆ ಅದೇ ಟೇಬಲ್‌ಗೆ ಹೋಗಿ ಮೊದಲಿನ ಎರಡು ಪರೀಕ್ಷೆಗಳನ್ನೂ ಮತ್ತೆ ಮಾಡಿ, ಬರೆದಿಟ್ಟ ಎಣಿಕೆಯ ಪಕ್ಕದಲ್ಲೇ ಹೊಸದನ್ನೂ ಬರೆಯಿರಿ. ಮೊದಲ ಸಲ ನನ್ನದು ಇಪ್ಪತ್ತರಲ್ಲಿ ಐದು ಮಾತ್ರ ಟಿಪ್‌ಗೆ ವಾಪಸ್ ಬಂದಿದ್ದವು. ಬಾಟಲ್ ಅಭ್ಯಾಸದ ಎರಡು ತಿಂಗಳ ನಂತರ ಹನ್ನೆರಡು ಬಂದವು, ಅವತ್ತೇ ಕೊನೆಯ ಫ್ರೇಮ್‌ನಲ್ಲಿ ಬಾಕ್ ಲೈನ್‌ನಿಂದ (ಆಟ ಶುರುವಾಗುವ ತುದಿಯ ಅಡ್ಡ ಗೆರೆಯಿಂದ) ಉದ್ದದ ರೆಡ್ ಹೊಡೆದಾಗ ಅದು ಅಂಚಿಗೆ ತಾಗದೆ ಪಾಕೆಟ್‌ನ ನಟ್ಟನಡುವೆ ಇಳಿಯಿತು. ಆ ಕಡೆ ಟೇಬಲ್‌ನಲ್ಲಿ ಬಾಲ್ ಜೋಡಿಸುತ್ತಿದ್ದ ಮಾರ್ಕರ್ ತಿರುಗಿ ನೋಡಿ ತಲೆ ಆಡಿಸಿದರು.