ಎಂ.ಎ. ಪತ್ರಿಕೋದ್ಯಮಕ್ಕೆ ಹಾಕಿದ ದುಡ್ಡು ನನಗೆ ವಾಪಸ್ ಬಂದದ್ದು ಹೀಗೆ

"ಪೇಪರ್ ಓದೋಕೆ ಡಿಗ್ರಿ ಯಾಕವ್ವಾ?" ಅಂತ ನಮ್ಮ ದೊಡ್ಡಪ್ಪ 2021ರಲ್ಲಿ ಕೇಳಿದ್ದರು. ಹೋದ ತಿಂಗಳು ಅವರೇ ಮಗಳನ್ನು ಕರೆದುಕೊಂಡು ಬಂದು, ಅದೇ ಎಂ.ಎ.ಗೆ ಎಲ್ಲಿ ಅರ್ಜಿ ಹಾಕಿಸಲಿ ಎಂದರು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಸುದ್ದಿ ತಿದ್ದುವ ವಿಭಾಗದಲ್ಲಿ, ಎರಡು ಮೂರು ವರ್ಷ ಕೂತು, ಮುಂದೆ ಓದಲೋ ಬೇಡವೋ ಎಂದು ಒದ್ದಾಡುತ್ತಿರುವವರಿಗೂ ಉಪಯೋಗಕ್ಕೆ ಬಂದೀತು.

ನಮ್ಮದು ತಿಪಟೂರು ಕಡೆ, ಮನೆ ನಡೆಯುವುದು ಕೊಬ್ಬರಿಯಿಂದ. 2018ರಲ್ಲಿ ಬಿ.ಎ. ಮುಗಿಸಿ ಒಂದು ಪತ್ರಿಕೆಯ ಡೆಸ್ಕ್ ಸೇರಿದಾಗ ಸಂಬಳ 9 ಸಾವಿರ. 12 ಸಾವಿರಕ್ಕೆ ಏರಿತು ಅನ್ನುವಷ್ಟರಲ್ಲಿ ಕೊರೊನಾ ಬಂತು. ಅಲ್ಲಿಯ ನಾಲ್ಕು ತಿಂಗಳ ಸಂಬಳ ಇವತ್ತಿಗೂ ಕೈಗೆ ಬಂದಿಲ್ಲ. ಅದಕ್ಕೂ ಮೊದಲು ನಿರೂಪಕಿಯಾಗುವ ಆಸೆಗೆ ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ 35 ಸಾವಿರ ಕಟ್ಟಿದ್ದೆ. ಮೂರು ತಿಂಗಳಲ್ಲಿ ಟೆಲಿಪ್ರಾಂಪ್ಟರ್ ಮುಂದೆ ನಿಂತದ್ದು ಎರಡೇ ಸಲ. ಅಮ್ಮನ ಚೀಟಿ ದುಡ್ಡು ಅದು, ಸಿಟ್ಟು ಇನ್ನೂ ಆರಿಲ್ಲ.

ಹಾಗಾಗಿ ಎಂ.ಎ. ಮಾತು ಬಂದಾಗ ಮೊದಲು ಲೆಕ್ಕದ ಪುಸ್ತಕ ತೆಗೆದೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎರಡು ವರ್ಷಕ್ಕೆ ಹತ್ತಿರ ಹತ್ತಿರ 4 ಲಕ್ಷ ಕೇಳಿದರು. ಪಿ.ಜಿ. ಬಾಡಿಗೆ ತಿಂಗಳಿಗೆ 9 ಸಾವಿರ ಹಿಡಿದರೆ ಒಟ್ಟು 6 ಲಕ್ಷ ದಾಟುತ್ತಿತ್ತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಮೆರಿಟ್ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ ನನಗೆ ತಗುಲಿದ್ದು 1 ಲಕ್ಷ 10 ಸಾವಿರದ ಆಸುಪಾಸು. ನಮ್ಮವರು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಖರ್ಚಿದೆ, ಬಿಟ್ಟು ಬಂದ ಸಂಬಳ. ಅದೇ 3 ಲಕ್ಷಕ್ಕೆ ಹತ್ತಿರ ಆಗುತ್ತದೆ. ಅದನ್ನೂ ಬರೆದಿಟ್ಟುಕೊಂಡೆ.

ಸಾಲ ಮಾಡಿ ಬೆಂಗಳೂರಿಗೆ ಹೋಗಿದ್ದರೆ ಕಂತು ಶುರುವಾಗುತ್ತಿದ್ದದ್ದು 2023ರಲ್ಲಿ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ 8 ಸಾವಿರದ ಸುತ್ತ ಕೂತಿತ್ತು. ಅಪ್ಪ ಏನು ಮಾಡುತ್ತಿದ್ದರೋ, ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಮೈಸೂರೇ ಯಾಕೆ ಅಂದರೆ ಫೀಸು ಒಂದೇ ಕಾರಣವಲ್ಲ. 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಮಹಾರಾಜ ಕಾಲೇಜಿನಲ್ಲಿ ಶುರುಮಾಡಿದ ಪತ್ರಿಕೋದ್ಯಮ ಪಾಠದ ಪರಂಪರೆ ಅದು. ಯಾವ ಸುದ್ದಿಮನೆಗೆ ಹೋದರೂ ಒಬ್ಬರಾದರೂ ಹಳೇ ವಿದ್ಯಾರ್ಥಿ ಸಿಗುತ್ತಾರೆ. ನನಗೆ ಮೊದಲ ಅನುವಾದದ ಕೆಲಸ ಕೊಟ್ಟವರೂ ಅಂಥ ಒಬ್ಬ ಸೀನಿಯರ್ ಅಕ್ಕ.

ಪದಕ್ಕೆ 60 ಪೈಸೆಯಿಂದ ಶುರು, ಕೊನೆಗೆ ಒಂದೂವರೆ ರೂಪಾಯಿ. ನಡುವೆ ಸಬ್‌ಟೈಟಲ್ ಮಾಡಿ ನೋಡಿದೆ. ಏಳು ನಿಮಿಷದ ವಿಡಿಯೊಗೆ ಅರ್ಧ ದಿನ ಹೋಯಿತು, ಕೈಬಿಟ್ಟೆ. ತೆಂಗು ಬೆಳೆಗಾರರಿಗೆಂದು ಮಾಡಿದ ಯೂಟ್ಯೂಬ್ ಚಾನೆಲ್ ಎಂಟು ತಿಂಗಳು ನಡೆಯಿತು, ಮೈಕಿನ ದುಡ್ಡೂ ಹುಟ್ಟಲಿಲ್ಲ. ದುಡ್ಡು ಕೊಟ್ಟದ್ದು ಯಾರೂ ಲೆಕ್ಕಕ್ಕಿಡದ ಕೆಲಸ, "ನುಡಿ" ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ಯೂನಿಕೋಡ್‌ಗೆ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಓದಬರುವ ಅಕ್ಷರಕ್ಕೆ, ಬದಲಿಸಿಕೊಡುವುದು. ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ತಪ್ಪಿ "ಕಾರ್ಯಕ್ರಮ" ಹೋಗಿ "ಕಾಯರ್ಕ್ರಮ" ಆಗುವುದು ನಿಮಗೂ ಗೊತ್ತು. ಇಂಥವನ್ನು ಒಂದೇ ಏಟಿಗೆ ಸರಿಮಾಡಲು ನಾನೊಂದು ಪಟ್ಟಿ ಕಟ್ಟಿಕೊಂಡಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ, ಈಗಲೂ ಅನ್ನ ಕೊಡುತ್ತಿರುವ ಪಟ್ಟಿ. ಎರಡು ವರ್ಷದಲ್ಲಿ ಎಲ್ಲ ಸೇರಿ 1 ಲಕ್ಷ 60 ಸಾವಿರ ದುಡಿದೆ. ಓದಿನ ಖರ್ಚು ರಿಸಲ್ಟ್ ಬರುವ ಮೊದಲೇ ಹುಟ್ಟಿತ್ತು.

ಆದರೆ ಕೆಲಸ ಕೊಡಿಸಿದ್ದು ಡಿಸರ್ಟೇಷನ್, ಅಂದರೆ ಎಂ.ಎ.ಗೆ ಬರೆಯುವ ಸಂಶೋಧನಾ ಪ್ರಬಂಧ. ಸಹಪಾಠಿಗಳಲ್ಲಿ ಬಹಳ ಜನ ಅದನ್ನು ಕೊನೇ ತಿಂಗಳಿಗೆ ಬಿಟ್ಟರು. ನಾನು ಮೊದಲ ಸೆಮಿಸ್ಟರಿನಲ್ಲೇ ವಿಷಯ ಹಿಡಿದೆ: ಆರೋಗ್ಯದ ಕರಪತ್ರಗಳು ಹಳ್ಳಿಯ ಹೆಂಗಸರಿಗೆ ಎಷ್ಟು ಅರ್ಥವಾಗುತ್ತವೆ? ಆಶಾ ಕಾರ್ಯಕರ್ತೆಯರ ಜೊತೆ ನಮ್ಮ ತಾಲ್ಲೂಕಿನ ಐವತ್ತು ಅರವತ್ತು ಮನೆ ತಿರುಗಿದೆ. ಒಂದು ಮನೆಯಲ್ಲಿ ಬಾಣಂತಿಯ ಅತ್ತೆ ಕರಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು "ರಕ್ತಹೀನತೆ" ಅಂತ ಬಿಡಿಸಿ ಬಿಡಿಸಿ ಓದಿದರು. ಓದಿ, "ಹೀನ ಅಂದ್ರೆ ಕೆಟ್ಟದ್ದು ಅಲ್ವಾ? ನಮ್ಮ ಹುಡುಗಿ ರಕ್ತ ಕೆಟ್ಟಿಲ್ಲ" ಎಂದು ಹಾಳೆ ಮಡಚಿ ಗೂಡಿಗೆ ಸಿಕ್ಕಿಸಿದರು. "ರಕ್ತ ಕಮ್ಮಿ" ಅಂತ ಬರೆದ ನನ್ನ ಹಾಳೆ ಕೊಟ್ಟಾಗ ತಾವಾಗಿಯೇ ಕಬ್ಬಿಣದ ಮಾತ್ರೆ ಕೇಳಿದರು. ಇಂಥ ಎರಡೆರಡು ಹಾಳೆಗಳನ್ನು ಅಕ್ಕಪಕ್ಕ ಅಂಟಿಸಿದ ಒಂದು ಫೈಲು ಮಾಡಿದೆ.

ಈಗ ಕೆಲಸ ಮಾಡುವ ಆರೋಗ್ಯ ಸಂಸ್ಥೆಯ ಸಂದರ್ಶನದಲ್ಲಿ ಅಂಕಪಟ್ಟಿಯನ್ನು ಯಾರೂ ತಿರುವಿ ನೋಡಲಿಲ್ಲ, ಆ ಫೈಲನ್ನು ಇಪ್ಪತ್ತು ನಿಮಿಷ ನೋಡಿದರು. ಹಾಗಂತ ಡಿಗ್ರಿ ಬೇಡ ಅಂದುಕೊಳ್ಳಬೇಡಿ, ಅರ್ಜಿಯಲ್ಲಿ ಸ್ನಾತಕೋತ್ತರ ಪದವಿ ಕಡ್ಡಾಯ ಇತ್ತು. ಸಂಬಳ 46 ಸಾವಿರ. ಬಿಟ್ಟು ಬಂದ 3 ಲಕ್ಷವೂ ವರ್ಷದೊಳಗೆ ತೀರಿತು. ಎರಡನೇ ಸಲಕ್ಕೆ ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆ) ಕೂಡ ಆಯಿತು, ಅದರಲ್ಲೇ ಮೇಲಿನ ಅಂಕದವರಿಗೆ ಸಂಶೋಧನೆಗೆ ಸಿಗುವ ಜೆ.ಆರ್.ಎಫ್. ಮಾತ್ರ ಸ್ವಲ್ಪದರಲ್ಲಿ ತಪ್ಪಿ, ತಿಂಗಳಿಗೆ 37 ಸಾವಿರದ ಫೆಲೋಶಿಪ್ ಕೈಜಾರಿತು.

ವರದಿಗಾರರೇ ಆಗಬೇಕು ಅನ್ನುವವರು ಮೊದಲು ಯಾವುದಾದರೂ ಡೆಸ್ಕ್ ಸೇರಲಿ, ಎಂ.ಎ. ಆಮೇಲೆ ನೋಡೋಣ ಅನ್ನುತ್ತೇನೆ. ದೊಡ್ಡಪ್ಪನ ಮಗಳಿಗೆ ಆ ಹುಚ್ಚಿಲ್ಲ. ಮಾರುಕಟ್ಟೆಗೆ ಬರುವ ರೈತರು ಕೊಬ್ಬರಿ ರೇಟನ್ನು ಯಾರಿಂದ, ಯಾವ ಗ್ರೂಪಿನಿಂದ ತಿಳಿಯುತ್ತಾರೆ ಅಂತ ಅವಳು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಸೀಟು ಇನ್ನೂ ಸಿಗಬೇಕು.