ಏರ್ ಕ್ಲಾಸಿಫೈಯರ್ ನಡೆಸುವುದು ಹೇಗೆ? ಸ್ಪೀಡಿಗಿಂತ ಮೊದಲು ಫೀಡ್ ನೋಡಿ

ಪುಣೆಯ ಭೋಸರಿ, ಚಾಕಣ್ ಕಡೆ ಪೌಡರ್ ಕೋಟಿಂಗ್, ಟಾಲ್ಕ್, ಮಸಾಲೆ, ಹೀಗೆ ನುಣ್ಣನೆ ಪುಡಿ ಮಾಡುವ ಕಂಪನಿಗೆ ಸೇರಿದರೆ ಏರ್ ಕ್ಲಾಸಿಫೈಯರ್, ಅಂದರೆ ಗಾಳಿಯಿಂದ ನುಣುಪು ಕಣ, ದಪ್ಪ ಕಣ ಬೇರೆ ಮಾಡುವ ಮಷಿನ್, ಎದುರಾಗುವ ಸಾಧ್ಯತೆ ಜಾಸ್ತಿ. ಮಾಲು ದಪ್ಪ ಬಂತು ಅಂತ ಕ್ವಾಲಿಟಿಯವರು ಹೇಳಿದ ಕೂಡಲೇ ಕೈ ಹೋಗುವುದು ಸ್ಪೀಡ್ ಜಾಸ್ತಿ ಮಾಡುವ ಬಟನ್‌ಗೆ. ಸ್ವಲ್ಪ ತಡೆಯಿರಿ.

ಜರಡಿ ಯಾಕೆ ಸಾಲದು? 400 ಮೆಶ್ ಜರಡಿಯ ಕಣ್ಣು ಸುಮಾರು 38 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೇ ಮೈಕ್ರಾನ್). ಅದಕ್ಕಿಂತ ನುಣುಪು ಬೇಕೆಂದರೆ ಕಣ್ಣು ಕಟ್ಟಿಕೊಂಡು ಕೆಲಸವೇ ನಿಲ್ಲುತ್ತದೆ. ಊರಲ್ಲಿ ಜೋಳದ ರಾಶಿ ತೂರುವಾಗ ಗಾಳಿ ಹೊಟ್ಟನ್ನು ಒಯ್ದು ಕಾಳನ್ನು ಬಿಡುತ್ತದಲ್ಲ, ಇಲ್ಲೂ ಅದೇ ಕೆಲಸ. ಆದರೆ 10 ಮೈಕ್ರಾನಿನ ಕಣ ತನ್ನ ತೂಕಕ್ಕೆ ಕೆಳಗೆ ಬೀಳುವುದು ತೀರಾ ನಿಧಾನ, ಅದಕ್ಕೇ ಅದನ್ನು ಗಿರ್ರನೆ ತಿರುಗಿಸಿ ಹೊರಕ್ಕೆ ಎಸೆಯುತ್ತಾರೆ.

ಒಳಗಿರುವುದು ಸುತ್ತಲೂ ರೆಕ್ಕೆಗಳಿರುವ ಒಂದು ಚಕ್ರ. ಬ್ಲೋವರ್ ರೆಕ್ಕೆಗಳ ಸಂದಿಯಿಂದ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ, ಚಕ್ರದ ಸುತ್ತು ಕಣವನ್ನು ಹೊರಕ್ಕೆ ತಳ್ಳುತ್ತದೆ. ಕಣದ ಅಡ್ಡಳತೆ ಅರ್ಧವಾದರೆ ತೂಕ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಗಾಳಿಯ ಎಳೆತ ಮಾತ್ರ ಬರೀ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಸಣ್ಣದು ಗಾಳಿ ಜೊತೆ ಚಕ್ರದೊಳಗೆ ನುಗ್ಗಿ, ಗಾಳಿಯಿಂದ ಪುಡಿಯನ್ನು ಬೇರ್ಪಡಿಸಿ ಹಿಡಿಯುವ ಸೈಕ್ಲೋನ್, ಬ್ಯಾಗ್ ಫಿಲ್ಟರ್ ಸೇರುತ್ತದೆ. ದೊಡ್ಡದು ಹೊರಗೇ ಉಳಿದು ಕೆಳಗಿನ ರೋಟರಿ ವಾಲ್ವ್‌ನಿಂದ ಇಳಿಯುತ್ತದೆ. ಎರಡೂ ಬಲ ಸಮವಾಗುವ ಗಾತ್ರವೇ ಕಟ್ ಪಾಯಿಂಟ್. ಆ ಗಾತ್ರದ ಕಣಗಳಲ್ಲಿ ಅರ್ಧ ಅತ್ತ, ಅರ್ಧ ಇತ್ತ.

ಈಗ ನಡೆಸುವ ಮಾತು. ಮೊದಲು ಫೀಡ್, ಅಂದರೆ ಮಷಿನ್‌ಗೆ ಹಾಕುವ ಪುಡಿಯನ್ನು ಬೆರಳಲ್ಲಿ ಹಿಡಿದು ಒತ್ತಿ ನೋಡಿ. ಉಂಡೆಯಾಗಿ ನಿಂತರೆ ಮಷಿನ್ ಚಾಲೂ ಮಾಡಬೇಡಿ, ಒಣಗಿಸಿ. ನುಣ್ಣನೆ ಕಣಗಳು ಸುಮ್ನೆ ಬಿಟ್ಟರೂ ಒಂದಕ್ಕೊಂದು ಅಂಟುತ್ತವೆ, ಪುಣೆಯ ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ. ಐದಾರು ಸಣ್ಣ ಕಣ ಅಂಟಿಕೊಂಡು ಒಂದೇ ದೊಡ್ಡ ಕಣದ ಹಾಗೆ ಹೊರಕ್ಕೆ ಹೋದರೆ ಒಳ್ಳೆ ಮಾಲೆಲ್ಲ ದಪ್ಪದ ಚೀಲಕ್ಕೆ ಬೀಳುತ್ತದೆ, ಎಷ್ಟು ಸ್ಪೀಡ್ ಬದಲಿಸಿದರೂ ಅದು ವಾಪಸ್ ಬರುವುದಿಲ್ಲ.

ಬ್ಲೋವರ್, ಚಕ್ರ ಎರಡೂ ಪೂರ್ತಿ ಸ್ಪೀಡಿಗೆ ಬಂದ ಮೇಲೇ ಫೀಡರ್ ಬಿಡಿ. ಪುಡಿ ಒಂದೇ ಸಮ ಬೀಳಲಿ. ಟನ್ ಲೆಕ್ಕ ಮುಟ್ಟಿಸಲು ಜಾಸ್ತಿ ಸುರಿದರೆ ಗಾಳಿಗೆ ಪ್ರತಿ ಕಣವನ್ನೂ ಬಿಡಿಸಿ ಹಿಡಿಯಲು ಆಗುವುದಿಲ್ಲ.

ಇಷ್ಟಾದ ಮೇಲೆ ಸ್ಪೀಡ್. ಚಕ್ರದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಎರಡರಷ್ಟಾದರೆ ಕಟ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಗಾಳಿ ಜಾಸ್ತಿ ಮಾಡಿದರೆ ಕಟ್ ದಪ್ಪವಾಗುತ್ತದೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ, ಅಲ್ವಾ? ಒಂದೊಂದೇ ಬದಲಿಸಿ.

ಅರಿಶಿನ, ಸಕ್ಕರೆ, ಅಲ್ಯೂಮಿನಿಯಂ ಪುಡಿಗಳ ಧೂಳು ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಅರ್ಥಿಂಗ್ ನೋಡದೆ ಶಿಫ್ಟ್ ಶುರು ಮಾಡಲೇಬೇಡಿ. ಕರೆಂಟ್ ತೆಗೆದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಪೂರ್ತಿ ನಿಲ್ಲುವ ತನಕ ಬಾಗಿಲು ತೆಗೆಯಬೇಡಿ.

ಸ್ಯಾಂಪಲ್ ಎರಡೂ ಕಡೆಯಿಂದ ತೆಗೆಯಿರಿ. ದಪ್ಪದಲ್ಲಿ ನುಣುಪು ಜಾಸ್ತಿ ಸಿಕ್ಕರೆ ತಿರುಗಿ ಫೀಡ್ ಹತ್ತಿರ ಹೋಗಿ. ನುಣುಪಿನಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಕಣ ಸಿಕ್ಕರೆ ಚಕ್ರದ ಸೀಲ್ ಸವೆದು ಸಂದಿ ಬಿಟ್ಟಿದೆಯೇ, ರೆಕ್ಕೆ ತಿಂದುಹೋಗಿದೆಯೇ ಅಂತ ಮೆಂಟೆನೆನ್ಸ್‌ನವರನ್ನು ಕರೆದು ನೋಡಿಸಿ.